ಕೋಡಿಯ ಸದ್ದು ಹೋದ ದಿಕ್ಕು

ಗರುಡಗಲ್ಲು ಅಣೆಕಟ್ಟಿನ ಕೋಡಿಗೆ ಬಾಗಿಲುಗಳಿರಲಿಲ್ಲ. ಜಲಾಶಯ ತುಂಬಿದರೆ ನೀರು ತಾನಾಗಿಯೇ ಅಂಚು ದಾಟಿ ಕೆಳಗೆ ಬೀಳುತ್ತಿತ್ತು. ಮಹಾಪೂರ ಬಂದು ಆಳೆತ್ತರದ ನೀರು ಹಾರಿದಾಗ ಬಲದಂಡೆಯ ಪ್ರಾಜೆಕ್ಟ್ ಕಾಲೊನಿಯ ಜನ ಅಂಜುತ್ತಿರಲಿಲ್ಲ. ಅವರು ಅಂಜುತ್ತಿದ್ದದ್ದು ಕಡಿಮೆ ನೀರಿಗೆ.

ಗೇಣು ದಪ್ಪದ ನೀರು ಕೋಡಿಯ ಉದ್ದಕ್ಕೂ ಒಂದೇ ಪರದೆಯಾಗಿ ಇಳಿಬಿದ್ದಾಗ, ಗೋಡೆಗೂ ಆ ಪರದೆಗೂ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪರದೆ ಒಳಗೆ ಬಾಗಿದರೆ ಗಾಳಿ ಅದನ್ನು ಹೊರಗೆ ನೂಕುವುದು, ಹೊರಗೆ ಹೋದ ಪರದೆ ಮತ್ತೆ ಒಳಗೆ ಬರುವುದು. ಹೀಗೆ ಇಡೀ ಕೋಡಿ ದೊಡ್ಡದೊಂದು ನಗಾರಿಯ ಚರ್ಮದ ಹಾಗೆ ಅದುರುತ್ತಿತ್ತು. ಆ ಸದ್ದು ಕಿವಿಗೆ ಕೇಳುವುದಕ್ಕಿಂತ ಎದೆಗೆ ಬಡಿಯುವುದೇ ಹೆಚ್ಚು. ಕಾಲೊನಿಯ ಕಿಟಕಿಗಳ ಗಾಜುಗಳು ಗಡಗಡ ಎನ್ನುತ್ತಿದ್ದವು. ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳು ಇಷ್ಟಿಷ್ಟೇ ಸರಿದು ಅಂಚಿಗೆ ಬಂದು ನೆಲಕ್ಕೆ ಹಾರುತ್ತಿದ್ದವು. ಒಬ್ಬರಿಗೊಬ್ಬರು ಕೂಗಿ ಮಾತಾಡುವುದು ಅಲ್ಲಿಯವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬೇಸಿಗೆಯಲ್ಲಿ ನೆಂಟರ ಮದುವೆಗೆ ಹೋದಾಗಲೂ ಅವರ ದನಿಯಿಂದಲೇ ಇವರು ಗರುಡಗಲ್ಲಿನವರು ಎಂದು ಜನ ಗುರುತು ಹಿಡಿಯುತ್ತಿದ್ದರು.

ದಾನೇಶ್ವರಿಗೆ ಡಬ್ಬಿಗಳ ಚಿಂತೆ ಇರಲಿಲ್ಲ. ಅವಳ ಚಿಂತೆ ಗಂಡನದು. ಅವಳು ಅಣೆಕಟ್ಟಿನ ಕಂಪನ ವಿಭಾಗದ ಇಂಜಿನಿಯರ್. ಗಂಡ ಸಂಗಮನಾಥ ಕಾಲೊನಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನಿಗೆ ಒಳಗಿವಿಯ ಕಾಯಿಲೆ ಇತ್ತು. ಕೋಡಿ ಅದುರತೊಡಗಿತೆಂದರೆ ಅವನ ಪಾಲಿಗೆ ನೆಲ ಹಡಗಿನ ಹಲಗೆಯಾಗುತ್ತಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವನು, ಗೋಡೆ ಹಿಡಿದು ಬಂದು ಮಲಗುವನು, ಉಂಡದ್ದನ್ನು ಕಾರಿಕೊಳ್ಳುವನು. ಕೆಲವು ಮಳೆಗಾಲಗಳನ್ನು ಗದಗಿನಲ್ಲಿ ಅಕ್ಕನ ಮನೆಯಲ್ಲಿ ಕಳೆದು ನೋಡಿದ. ಆಮೇಲೆ, "ಹೇಳಿ ಕೇಳಿ ಸಂಸಾರ ಮಾಡಿದಾಂವ. ಕೋಡಿ ಬಿದ್ದಾಗೊಮ್ಮೆ ಗಂಟು ಕಟಗೊಂಡು ಎಷ್ಟಂತ ಓಡ್ಲಿ?" ಎಂದು ಹೋಗುವುದನ್ನೇ ಬಿಟ್ಟ.

ಕೋಡಿಯ ಸದ್ದಿಗೆ ಹಳೆಯ ಮದ್ದೊಂದಿತ್ತು. ಅಂಚಿನ ಮೇಲೆ ಅಲ್ಲಲ್ಲಿ ಕಾಂಕ್ರೀಟಿನ ಹಲ್ಲುಗಳನ್ನು ಕೂರಿಸಿದರೆ ಪರದೆ ಹರಿದು, ಸಂದುಗಳಿಂದ ಗಾಳಿ ಓಡಾಡಿ, ಅದುರು ತಗ್ಗುತ್ತಿತ್ತು. ಆದರೆ ಒಂದು ಮಟ್ಟದ ನೀರಿಗೆ ಸರಿಹೋದ ಹಲ್ಲು ಇನ್ನೊಂದು ಮಟ್ಟಕ್ಕೆ ಕೆಲಸಕ್ಕೆ ಬರುತ್ತಿರಲಿಲ್ಲ. ದಾನೇಶ್ವರಿ ಹಲ್ಲಿನ ಬದಲು ರೆಕ್ಕೆಗಳನ್ನು ಮಾಡಿಸಿದಳು. ಅಂಗೈ ಅಗಲದ, ಕೀಲಿನ ಮೇಲೆ ಏಳುವ ಬೀಳುವ ನೂರಾರು ರೆಕ್ಕೆಗಳು ಕೋಡಿಯ ಅಂಚಿನುದ್ದಕ್ಕೂ ನೀರಿನಡಿ ಸಾಲಾಗಿ ಕೂತವು. ಕಾಲೊನಿಯಲ್ಲಿ, ಕಚೇರಿಯಲ್ಲಿ, ಅತಿಥಿಗೃಹದಲ್ಲಿ ಮೈಕುಗಳು ಬಂದವು. ಮೈಕುಗಳು ಕೇಳಿದ್ದನ್ನು ಗಣಕಯಂತ್ರದ ಒಂದು ಪ್ರೋಗ್ರಾಂ ಕ್ಷಣಕ್ಷಣಕ್ಕೂ ನೋಡಿ, ಯಾವ ರೆಕ್ಕೆ ಎಷ್ಟು ಏಳಬೇಕು, ಯಾವಾಗ ಬೀಳಬೇಕು ಎಂದು ಹೇಳುವುದು. ಹೇಗೆ ಮಾಡಬೇಕೆಂದು ಆ ಪ್ರೋಗ್ರಾಮಿಗೆ ಯಾರೂ ಕಲಿಸಿರಲಿಲ್ಲ. ಮೈಕುಗಳಿಗೆ ಸದ್ದು ಕೇಳದ ಹಾಗೆ ಮಾಡು, ಆದಷ್ಟು ಕಡಿಮೆ ವಿದ್ಯುತ್ತಿನಲ್ಲಿ ಮಾಡು ಎಂದಷ್ಟೇ ಹೇಳಲಾಗಿತ್ತು. ಉಳಿದದ್ದನ್ನು ಅದು ತಾನೇ ಮಾಡಿ ನೋಡಿ ಕಲಿಯಬೇಕಿತ್ತು.

ಮೊದಲ ಸಲ ಅದನ್ನು ಚಾಲೂ ಮಾಡಿದ ದಿನ ನಿಯಂತ್ರಣ ಕೊಠಡಿಯಲ್ಲಿ ದಾನೇಶ್ವರಿ, ಆಪರೇಟರ್ ಫಕೀರಗೌಡ ಮತ್ತು ಮುಖ್ಯ ಇಂಜಿನಿಯರ್ ಜಹಗೀರದಾರ ಸಾಹೇಬರು ಇದ್ದರು. ಸಾಹೇಬರ ಮುಂದಿನ ಚಹಾದ ಮೇಲೆ ಸಣ್ಣ ಸಣ್ಣ ಬಳೆಯಾಕಾರದ ಅಲೆಗಳು ಏಳುತ್ತಿದ್ದವು. ಫಕೀರಗೌಡ ಗುಂಡಿ ಒತ್ತಿದ. ಮೊದಲು ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಂಯ್ ಎನ್ನುವ ಆ ದನಿ ತೊದಲತೊಡಗಿತು, ನಿಂತು ನಿಂತು ಬಂತು, ಕೊನೆಗೆ ಬರಲೇ ಇಲ್ಲ. ಕಿಟಕಿಯಾಚೆ ನೀರು ಬೀಳುತ್ತಲೇ ಇತ್ತು. ಕೇಳಿಸುತ್ತಿದ್ದದ್ದು ಹುಲ್ಲಿನ ಮೇಲೆ ಸೋನೆ ಮಳೆ ಹಿಡಿದಂಥ ಸಪ್ಪಳ ಮಾತ್ರ.

"ಬಂದ್ ಆತೇನ್ರೀ ಮೇಡಂ?" ಫಕೀರಗೌಡ ಕೂಗಿ ಕೇಳಿದ. ತನ್ನ ದನಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ. ಸಾಹೇಬರು ಚಹಾದ ಕಪ್ಪನ್ನೇ ನೋಡುತ್ತ ಕೂತಿದ್ದರು. ಚಹಾ ಕನ್ನಡಿಯ ಹಾಗೆ ನಿಂತಿತ್ತು.

ದಾನೇಶ್ವರಿ ಮನೆಗೆ ಬಂದಾಗ ಸಂಗಮನಾಥ ಅಂಗಳದ ನಟ್ಟನಡುವೆ, ಯಾವುದನ್ನೂ ಹಿಡಿಯದೆ, ಎರಡು ಕೈ ಬಿಟ್ಟು ನಿಂತಿದ್ದ. ಅವಳನ್ನು ಕಂಡು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿ, ಮತ್ತೆ ತಿರುಗಿ ಬಂದ.

ಕಾಲೊನಿಗೆ ಈ ಮೌನ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಸದ್ದಿನ ಮರೆಯಲ್ಲಿ ಆಡುತ್ತಿದ್ದ ಮಾತುಗಳೆಲ್ಲ ಈಗ ಪಕ್ಕದ ಮನೆಗೆ ಹೋಗತೊಡಗಿದವು. ಹೆಡ್ ಕ್ಲಾರ್ಕ್ ಮನೆಯ ಅತ್ತೆ ಸೊಸೆ ಒಂದು ಬಿರುಸು ಮಾತೂ ಆಡದೆ ಬಾಳುತ್ತಾರೆಂದು ಹೆಸರಾಗಿದ್ದರು. ಅವರು ದಿನವೂ ಜಗಳಾಡುತ್ತಿದ್ದರೆಂಬುದು ಓಣಿಗೆಲ್ಲ ಗೊತ್ತಾಯಿತು. ಒಬ್ಬ ವಾಲ್ವ್‌ಮನ್ ಬಚ್ಚಲಲ್ಲಿ ಬಹಳ ಚೆನ್ನಾಗಿ ಹಾಡುತ್ತಾನೆಂಬುದೂ ಗೊತ್ತಾಯಿತು. ಸದ್ದಿಲ್ಲದೆ ಕೆಲವು ಮುದುಕರಿಗೆ ನಿದ್ದೆ ಬಾರದಾಯಿತು. ಆದರೆ ಮುಂದಿನ ಮಳೆಗಾಲದ ಹೊತ್ತಿಗೆ ಜನ ಮೆಲ್ಲಗೆ ಮಾತಾಡುವುದನ್ನು ಕಲಿತರು. ಡಬ್ಬಿಗಳು ಇಟ್ಟಲ್ಲೇ ಇದ್ದವು. ಸಂಗಮನಾಥ ಒಂದು ಹಳೆಯ ಸೈಕಲ್ ರಿಪೇರಿ ಮಾಡಿಸಿ ಶಾಲೆಗೆ ಅದರ ಮೇಲೆಯೇ ಹೋಗತೊಡಗಿದ. ಬೇರೆ ರಾಜ್ಯಗಳ ಅಣೆಕಟ್ಟಿನವರು ರೆಕ್ಕೆಗಳನ್ನು ನೋಡಿಹೋಗಲು ಬಂದರು. ಮಂತ್ರಿಗಳ ಎದುರು ಒಂದು ಪ್ರದರ್ಶನ ಏರ್ಪಡಿಸಬೇಕೆಂದು ಜಹಗೀರದಾರ ಸಾಹೇಬರು ಓಡಾಡತೊಡಗಿದರು.

ಆ ಮಳೆಗಾಲದಲ್ಲೇ ಒಂದು ದಿನ ಬಳೆ ಮಾರುವ ಖಾಜಾಬಿ ದಾನೇಶ್ವರಿಯ ಮನೆಗೆ ಬಂದಳು. ಅವಳ ಅಂಗಡಿ ಎಡದಂಡೆಯ ಹೊಸ ಕೆಂಜಾಳದಲ್ಲಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕೆಂಜಾಳದವರಿಗೆ ಸರಕಾರ ಗುಡ್ಡದ ಮಗ್ಗುಲಲ್ಲಿ ಕಟ್ಟಿಕೊಟ್ಟ ಊರು ಅದು. ಶ್ರಾವಣಕ್ಕೆ ಮುಂಚೆ ಖಾಜಾಬಿ ಬುಟ್ಟಿ ಹೊತ್ತು ಬಸ್ಸಿನಲ್ಲಿ ಈ ದಂಡೆಗೆ ಬರುವುದು ವಾಡಿಕೆ. ದಾನೇಶ್ವರಿಯ ಕೈ ಹಿಡಿದು ಬೆರಳು ಒತ್ತುತ್ತ, ಒಂದೊಂದೇ ಬಳೆ ಏರಿಸುತ್ತ ಅವಳು ಹೇಳಿದಳು:

"ಈ ಸಲ ಚುಕ್ಕಿ ಬಳಿ ತಂದಿಲ್ರೀ ಅಕ್ಕಾರ. ಬಾಳ ಒಡದುವು."

"ಯಾಕ ಚಾಚಿ? ಬುಟ್ಟಿ ಬಿತ್ತೇನು?"

"ಎಲ್ಲಿ ಬುಟ್ಟೀರಿ. ಅಂಗಡ್ಯಾಗ ಕೋಲಿಗೆ ಏರ್ಸಿಟ್ಟಿದ್ದು ತಾವ ಬಾರಸಾಕ ಹತ್ತಾವು. ಎಲ್ಲಾ ಕೋಲೂ ಒಮ್ಮೆಕ್ಕ್ಲೇ. ಮೊದಲ ಮೊದಲ ನಾ ಇಲಿ ಅಂದ್ಕೊಂಡೆ. ಇಲಿ ಎಲ್ಲರೆ ಅಷ್ಟೂ ಕೋಲು ಅಲುಗಸ್ತಾವೇನ್ರೀ? ಸಣ್ಣ ಕೂಸುಗೋಳು ಹಾಲು ಕಾರತಾವು. ನಮ್ಮ ಸೊಸಿ ಎಮ್ಮಿ ಕೊಟಗಿಯೊಳಗ ನಿಲ್ಲವಲ್ಲದು, ಕಣ್ಣಿ ಹರಕೊಂಡು ಹೊರಗ ಓಡತೈತಿ. ಊರಾಗಿನ ಮಂದಿ, ಹಳೇ ಊರು ಮುಳುಗಿಸಿ ಬಂದೀವಿ, ಆ ದೇವರು ಬೆನ್ನು ಹತ್ತ್ಯಾನ ಅಂತಾರ."

"ಯಾವಾಗ ಆಗತೈತಿ ಹಿಂಗ?"

"ಕೋಡಿ ಬಿದ್ದಾಗ ಅಷ್ಟ ನೋಡ್ರಿ. ಹೋದ್ವರ್ಷಾನೂ ಆಗಿತ್ತು. ಅದಕ್ಕೂ ಹಿಂದ ಇಲ್ಲ." ಖಾಜಾಬಿ ಬಳೆ ಏರಿಸುವುದನ್ನು ನಿಲ್ಲಿಸಿದಳು. "ಯಾಕ್ರೀ ಅಕ್ಕಾರ, ಕೈ ಯಾಕ ಹಿಂಗ ಬಿಗಿ ಮಾಡಿದ್ರಿ? ಬಳಿ ಒಡೀತಾವು."

ದಾನೇಶ್ವರಿ ಕೈ ಸಡಿಲ ಬಿಟ್ಟಳು. ಹೊಸ ಕೆಂಜಾಳಕ್ಕೂ ಕೋಡಿಗೂ ನಡುವೆ ಗುಡ್ಡದ ಚಾಚು ಅಡ್ಡ ಬಂದಿತ್ತು. ಹಿಂದೆ ಆ ಊರಿಗೆ ಸದ್ದಿನ ಕಾಟ ಅಷ್ಟಾಗಿ ಇರಲಿಲ್ಲ. ಅಲ್ಲಿಂದ ದೂರು ಬಂದಿರಲಿಲ್ಲ, ಆದ್ದರಿಂದ ಅಲ್ಲಿ ಮೈಕು ಇಟ್ಟಿರಲಿಲ್ಲ.

ಮರುದಿನ ಅವಳು ಕಂಪನದ ಮಾಪಕವೊಂದನ್ನು ಚೀಲದಲ್ಲಿಟ್ಟುಕೊಂಡು ಅಣೆಕಟ್ಟಿನ ಮೇಲೆ ಹೋಗುವ ಬಸ್ಸು ಹತ್ತಿದಳು. ಹೊಸ ಕೆಂಜಾಳದಲ್ಲಿ ಇಳಿದಾಗ ಮಾಪಕ ತೆಗೆಯುವ ಅಗತ್ಯವೇ ಬೀಳಲಿಲ್ಲ. ಅಂಗಾಲಿನಿಂದ ಮೇಲೇರಿ ಎದೆಯಲ್ಲಿ ನಿಂತ ಆ ಅದುರನ್ನು ಅವಳು ಚೆನ್ನಾಗಿ ಬಲ್ಲಳು. ಕಾಲೊನಿಯಲ್ಲಿ ಅದು ಎಂದೂ ಇಷ್ಟು ಬಿರುಸಾಗಿರಲಿಲ್ಲ; ಗುಡ್ಡದ ಚಾಚಿಗೂ ಅದನ್ನು ತಡೆಯಲಾಗಿರಲಿಲ್ಲ. ಮನೆಗಳ ಮೂಲೆಗಳಲ್ಲಿ ಹೊಸ ಬಿರುಕುಗಳಿದ್ದವು. ಸಗಣಿ ಸಾರಿಸಿ ಮುಚ್ಚಿದ್ದರು, ಅದೂ ಬಿರಿದಿತ್ತು. ಬಾಣಂತಿಯೊಬ್ಬಳು ಕೂಸನ್ನು ತೊಟ್ಟಿಲಲ್ಲಿ ಹಾಕದೆ, ಹಗ್ಗದಿಂದ ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿದ್ದಳು. "ನೆಲಕ್ಕ ಹಚ್ಚಿದ್ರ ಅಳತೈತ್ರೀ, ಹಿಂಗಾದ್ರ ಒಂದೀಟು ಮಲಗತೈತಿ" ಎಂದಳು. ದನಗಳೆಲ್ಲ ಕೊಟ್ಟಿಗೆ ಬಿಟ್ಟು ಊರಾಚೆಯ ಬಯಲಲ್ಲಿ ಮಳೆಯಲ್ಲೇ ನಿಂತಿದ್ದವು.

ದಾನೇಶ್ವರಿ ನಿಯಂತ್ರಣ ಕೊಠಡಿಗೆ ಮರಳಿ, ರೆಕ್ಕೆಗಳ ಚಲನೆಯನ್ನು ನಿಧಾನಗತಿಯಲ್ಲಿ ಗಣಕಯಂತ್ರದ ಪರದೆಯ ಮೇಲೆ ತರಿಸಿದಳು. ಅವು ನೀರಿನ ಪರದೆಯನ್ನು ಹರಿದು ತುಂಡು ಮಾಡುತ್ತಿರಲಿಲ್ಲ. ನೀರು ಅದುರುತ್ತಲೇ ಇತ್ತು. ರೆಕ್ಕೆಗಳು ಒಂದರ ನಂತರ ಒಂದು, ಬಲದಿಂದ ಎಡಕ್ಕೆ, ಗಾಳಿಗೆ ಜೋಳದ ಹೊಲ ಬಾಗುವ ಹಾಗೆ ಏಳುತ್ತ ಬೀಳುತ್ತ, ಕೋಡಿಯ ಒಂದೊಂದು ತುಂಡು ಪಕ್ಕದ್ದಕ್ಕಿಂತ ಒಂದಿಷ್ಟು ತಡವಾಗಿ ಅದುರುವಂತೆ ಮಾಡುತ್ತಿದ್ದವು.

"ಇದೇನ್ರೀ ಮೇಡಂ?" ಎಂದ ಫಕೀರಗೌಡ.

"ಸಾಲಾಗಿ ನಿಂತ ಮಂದಿ ಒಬ್ಬರ ಹಿಂದೊಬ್ಬರು ಚಪ್ಪಾಳಿ ಹೊಡದ್ರು ಅಂತ ತಿಳೀರಿ, ಗೌಡ್ರ. ಸದ್ದು ಓಡೋ ವೇಗಕ್ಕ ಸರಿಯಾಗಿ ಹೊಡದ್ರು. ಆಗ ಸಾಲಿನ ಒಂದು ತುದಿಗೆ ಎಲ್ಲಾ ಚಪ್ಪಾಳಿ ಕೂಡೇ ಹೋಗಿ ಮುಟ್ಟತಾವು. ಇನ್ನೊಂದು ತುದಿಗೆ ಹಿಂದಮುಂದ ಆಗಿ, ಒಂದನ್ನೊಂದು ಕೊಂದು, ಏನೂ ಉಳಿಯಂಗಿಲ್ಲ." ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ನೀರಿನ ಪರದಿ ಹರಿಯೋದಕ್ಕ ಶಕ್ತಿ ಬಾಳ ಬೇಕು. ದಿಕ್ಕು ತಿರುಗಿಸೋದು ಸಸ್ತಾ. ಮೈಕ್ ಎಲ್ಲಾ ಈ ದಂಡಿಗೆ ಇದ್ದುವು. ಪ್ರೋಗ್ರಾಂ ಸದ್ದು ಆ ದಂಡಿಗೆ ಒಗದು ಕೂತೈತಿ."

ಪ್ರೋಗ್ರಾಂ ತಪ್ಪು ಮಾಡಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು.

ಜಹಗೀರದಾರ ಸಾಹೇಬರು ಎಲ್ಲವನ್ನೂ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಕಿಟಕಿಯ ಹತ್ತಿರ ಹೋಗಿ ಕೋಡಿಯ ಕಡೆ ನೋಡಿದರು.

"ಎರಡೂ ಕಡೆ ಮೈಕ್ ಇಟ್ರ ಏನಾಗತೈತಿ?" ಎಂದು ಕೇಳಿದರು.

"ಒಗೀಲಿಕ್ಕೆ ಜಾಗ ಇಲ್ಲದಂಗಾಗಿ ನೀರಿನ ಪರದಿ ಹರೀಲೇಬೇಕಾಗತೈತ್ರಿ. ಈಗಿರೋ ರೆಕ್ಕಿಗೆ ಪೂರ್ತಿ ಹರಿಯೋ ತಾಕತ್ತಿಲ್ಲ. ಅರ್ಧ ಸದ್ದು ಉಳೀತೈತಿ. ಎರಡೂ ದಂಡಿಗೆ."

"ನಡುವ ಬಿಟ್ರ? ಹೊಳಿಗುಂಟ ಕೆಳಗ?"

"ಅಲ್ಲಿ ಮೀನು ಹಿಡಿಯೋರ ಗುಡಸಲಾ ಅದಾವ್ರಿ."

ಸಾಹೇಬರು ಕುರ್ಚಿಯಲ್ಲಿ ಕೂತರು. "ಮಂತ್ರಿಗಳು ಬರೋ ಹೊತ್ತು ಇದು. ಈ ಮಳಿಗಾಲ ದಾಟ್ಲಿ ದಾನೇಶ್ವರಿ. ಆ ದಂಡಿಯಿಂದ ಯಾರೂ ಬಂದು ಕೇಳಿಲ್ಲ."

"ಕೇಳಾಕ ಅವರಿಗೆ ಕಾರಣ ಗೊತ್ತಿರಬೇಕಲ್ರಿ ಸರ್. ಅವರು ದೇವರನ್ನ ಬೈಯ್ಯಾಕತ್ತಾರ."

"ನಿಮ್ಮ ಯಜಮಾನ್ರನ್ನರ ನೋಡ್ರಿ. ಸೈಕಲ್ ಹೊಡೀತಾರ ಈಗ."

ಅದೇ ಮಾತು ಬೆಳಗಿನಿಂದ ಅವಳೊಳಗೂ ಓಡಾಡುತ್ತಿತ್ತು. ಕೊನೆಗೆ ಸಾಹೇಬರು ಒಂದು ಮಧ್ಯಾಹ್ನದ ಮಟ್ಟಿಗೆ ಪರೀಕ್ಷೆ ಮಾಡಿ ನೋಡಲು ಒಪ್ಪಿದರು. ಎಷ್ಟು ಸದ್ದು ಎತ್ತ ಹೋಗುತ್ತದೆ ನೋಡೋಣ, ಆಮೇಲೆ ಮಾತಾಡೋಣ ಎಂದರು.

ಆ ಸಂಜೆ ಸಂಗಮನಾಥ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುತ್ತಿದ್ದ. ಮಳೆಗಾಲದಲ್ಲಿ ಒಲೆಯ ಮುಂದೆ ನಿಲ್ಲಲು ಬಂದದ್ದೇ ಅವನಿಗೊಂದು ಸಂಭ್ರಮವಾಗಿತ್ತು. ಸಂಜೆಯ ರೊಟ್ಟಿಯನ್ನು ತಾನೇ ವಹಿಸಿಕೊಂಡಿದ್ದ. ಅವಳು ಬಾಗಿಲಿಗೆ ಒರಗಿ ನಿಂತು ಎಲ್ಲ ಹೇಳಿದಳು. ಬಿರುಕು, ಎಮ್ಮೆ, ಮರಕ್ಕೆ ಕಟ್ಟಿದ ಜೋಲಿ. ಅವನ ಕೈ ನಿಂತಿತು.

"ನನಗ್ಯಾಕ ಹೇಳಿದಿ?" ಎಂದ. ದನಿಯಲ್ಲಿ ಸಿಟ್ಟಿತ್ತು. "ನೀ ಇಂಜಿನಿಯರ್. ಮಾಡೋದು ಮಾಡಬೇಕಿತ್ತು. ಮಾಡಿದ ಮ್ಯಾಲ ಹೇಳಬೇಕಿತ್ತು. ಈಗ ನನ್ನ ಕಡಿಂದ ಹೂಂ ಅನಸ್ಬೇಕೇನು?"

"ಕೇಳದ ಹೆಂಗ ಮಾಡ್ಲಿ? ತಿರುಗೋದು ನಿಮ್ಮ ತಲಿ."

"ಮತ್ತ ಇಷ್ಟು ದಿನಾ ಅವರನ್ನ ಕೇಳಿದ್ವೇನು?"

ತವೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಅವನು ಅದನ್ನು ತೆಗೆದು ಪಕ್ಕಕ್ಕೆ ಎಸೆದು ಒಲೆ ಆರಿಸಿದ.

"ನೆಟ್ಟಗ ನಿಂತೀನಿ, ನಿಂತೀನಿ ಅಂತ ಊರೆಲ್ಲಾ ಹೇಳಕೋತ ತಿರುಗಿದೆ ದಾನಿ. ಮಂದಿ ಹೆಗಲ ಮ್ಯಾಲ ನಿಂತಿದ್ದೆ ಅನ್ನೋದು ಗೊತ್ತಿರಲಿಲ್ಲ." ಹಿಟ್ಟಿನ ಕೈಯಲ್ಲೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವಳು ಹಿಂದೆ ಹೋಗಲಿಲ್ಲ. ಉಳಿದ ರೊಟ್ಟಿ ತಾನೇ ಬಡಿದಳು. ಅವನು ಒಳಗೆ ಬಂದು ಉಂಡ. ಬೆಳಿಗ್ಗೆ ಶಾಲೆಗೆ ಹೊರಟಾಗ ಸೈಕಲ್ ತೆಗೆಯದೆ ನಡೆದು ಹೋದ.

ಎಡದಂಡೆಗೂ ಹೊಳೆಯ ಕೆಳಗಿನ ಗುಡಿಸಲುಗಳಿಗೂ ಮೈಕುಗಳನ್ನು ಹಾಕಿಸಲು ವಾರ ಹಿಡಿಯಿತು. ಪರೀಕ್ಷೆಯ ದಿನ ಕೋಡಿಯ ಮೇಲೆ ಸರಿಯಾಗಿ ಗೇಣು ನೀರಿತ್ತು. ಯಾವ ದಂಡೆಯ ನೆಮ್ಮದಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಪ್ರೋಗ್ರಾಂ ತಾನಾಗಿ ತಿಳಿಯಲಾರದು; ಅದನ್ನು ಮನುಷ್ಯರೇ ಹೇಳಬೇಕು. ಅದಕ್ಕೆಂದು ದಾನೇಶ್ವರಿ ತನ್ನ ಟ್ಯಾಬ್ಲೆಟ್ಟಿನಲ್ಲಿ ಎಡಕ್ಕೂ ಬಲಕ್ಕೂ ಸರಿಸುವ ಒಂದು ಗೆರೆ ಮಾಡಿಕೊಂಡಿದ್ದಳು. ಸಂಗಮನಾಥ ಅಂದು ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದ. ಹಾಗೆ ಮಾಡೆಂದು ಅವಳು ಹೇಳಿರಲಿಲ್ಲ.

ಅವಳು ಖಾಜಾಬಿಯ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಗಂಡನಿಗೆ ಫೋನು ಹಚ್ಚಿದಳು. ಸುತ್ತಲೂ ಕೋಲುಗಳ ತುಂಬ ಹಸಿರು, ಕೆಂಪು, ಜೇನುಬಣ್ಣದ ಬಳೆಗಳು ಒಂದೇ ಸಮ ಝಣಗುಡುತ್ತಿದ್ದವು. ಖಾಜಾಬಿ ಎರಡು ಕೋಲುಗಳನ್ನು ಎರಡು ಕೈಯಲ್ಲಿ ಹಿಡಿದು, ಹಾಗೆ ಹಿಡಿದರೆ ಬಾಕಿಯವೂ ನಿಂತಾವೆಂಬಂತೆ ಕಾದು ನಿಂತಿದ್ದಳು.

"ಶುರು ಮಾಡ್ತೀನ್ರಿ," ಎಂದಳು ದಾನೇಶ್ವರಿ.

"ಮಾಡು."

ಎಡದಂಡೆಯ ಸದ್ದು ತಗ್ಗುವಂತೆ ಗೆರೆಯನ್ನು ಒಂದಿಷ್ಟು ಸರಿಸಿದಳು. ಬಳೆಗಳ ಝಣತ್ಕಾರ ತಗ್ಗಿತು.

"ಹೆಂಗೈತ್ರಿ?"

"ಏನೂ ಇಲ್ಲ. ಸರಸು."

ಮತ್ತೆ ಸರಿಸಿದಳು. ದೊಡ್ಡ ಬಳೆಗಳು ನಿಂತವು. ಸಣ್ಣವು ಗುನುಗುತ್ತಿದ್ದವು.

"ಈಗ?"

"ಡಬ್ಬಿ ಮಾತಾಡಾಕ ಹತ್ಯಾವು." ಅವನು ನಕ್ಕಂತೆ ಕೇಳಿಸಿತು. "ಸರಸು."

ಇನ್ನಷ್ಟು ಸರಿಸಿದಳು. ಫೋನಿನಲ್ಲಿ ಕುರ್ಚಿ ಎಳೆದ ಸಪ್ಪಳ, ಆಮೇಲೆ ಅಂಗೈ ಗೋಡೆಗೆ ತಾಗಿದ ಸಪ್ಪಳ. ಅವಳು ಬೆರಳು ತೆಗೆದಳು.

"ಕೂತೀರೇನು?"

"ನಿಂತೀನಿ. ಅಲ್ಲೇನಾಗೈತಿ ಹೇಳು."

"ಬಾಳ ಕಡಿಮಿ ಆಗೇತಿ. ಮ್ಯಾಲಿನ ಸಾಲು ಇನ್ನಾ ಅಲಗಾಡತೈತಿ, ಅಷ್ಟ. ಇಲ್ಲೇ ನಿಲ್ಲಸ್ತೀನಿ."

"ಎಮ್ಮಿ?"

ಖಾಜಾಬಿ ಹಿತ್ತಲಿಗೆ ಹೋಗಿ ನೋಡಿ ಬಂದಳು. "ಬಾಗಲದಾಗ ನಿಂತೈತ್ರೀ. ಒಳಗ ಬರೂದೋ ಬ್ಯಾಡೋ ಅಂತ ನೋಡಾಕತ್ತೈತಿ."

ಫೋನಿನಲ್ಲಿ ಅದು ಅವನಿಗೂ ಕೇಳಿಸಿತು.

"ಹಂಗಂದ್ರ ಇನ್ನೊಂಚೂರು ಈ ಕಡೆ ತಗೋ," ಎಂದ ಸಂಗಮನಾಥ. "ಬೀಳಂಗಿಲ್ಲ ನಾ. ಗ್ವಾಡಿ ಐತಿ."

ಅವನು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಬಾಯಿ ಒಣಗಿದಾಗ ಅವನ ಮಾತಿನ ಕೊನೆಯ ಅಕ್ಷರಗಳು ಹಾಗೆ ಅಂಟಿಕೊಳ್ಳುತ್ತಿದ್ದವು. ಇಲ್ಲ ಎನ್ನಬಹುದಿತ್ತು. ಅವಳು ಗೆರೆಯ ಮೇಲೆ ಬೆರಳಿಟ್ಟು, ಅವನು ಹೇಳಿದಷ್ಟೇ, ಒಂದು ಕೂದಲೂ ಹೆಚ್ಚಿಲ್ಲದಂತೆ ಸರಿಸಿದಳು. ಎಮ್ಮೆ ಒಳಗೆ ಬಂತೆಂದು ಖಾಜಾಬಿಯ ಸೊಸೆ ಹಿತ್ತಲಿನಿಂದ ಕೂಗಿದಳು.

ಅವಳು ಗೆರೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಅದನ್ನು ಮತ್ತೆ ತಿರುಗಿಸೆಂದು ಜಹಗೀರದಾರ ಸಾಹೇಬರು ಹೇಳಲಿಲ್ಲ. ಪ್ರದರ್ಶನವನ್ನು ರದ್ದು ಮಾಡಿಸಿದರು, ಕಾರಣ ಮಾತ್ರ ಬೇರೆ ಕೊಟ್ಟರು. ಕಾಲೊನಿಯಲ್ಲಿ ಕೆಲವರು ದಾನೇಶ್ವರಿಯ ಜೊತೆ ಮಾತು ಬಿಟ್ಟರು. ಮಾತು ಬಿಡದವರು ಮತ್ತೆ ದನಿ ಏರಿಸಿ ಮಾತಾಡತೊಡಗಿದರು. ನೀರಿನ ಪರದೆಯನ್ನು ಪೂರ್ತಿ ಹರಿಯಬಲ್ಲ ಗಟ್ಟಿ ರೆಕ್ಕೆಗಳಿಗಾಗಿ ಅವಳು ಹೊಸ ನಕ್ಷೆ ಬರೆಯಲು ಕೂತಳು. ಅವು ಮುಂದಿನ ಮಳೆಗಾಲಕ್ಕೆ ಆಗುವ ಮಾತಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು.

ಅದೆಲ್ಲ ಆಮೇಲಿನ ಮಾತು. ಪರೀಕ್ಷೆಯ ದಿನದ ಸಂಜೆ ಅವಳು ಮನೆಗೆ ಬಂದಾಗ ಸಂಗಮನಾಥ ಕಟ್ಟೆಯ ಮೇಲೆ ಕೂತಿದ್ದ. ಮುಖ ಬಿಳಿಚಿತ್ತು, ಅಂಗಿಯ ಕೊರಳು ಬೆವರಿಗೆ ಒದ್ದೆಯಾಗಿತ್ತು.

"ಎಷ್ಟು ಐತಿ?" ಎಂದು ಕೇಳಿದಳು.

"ತಿರುಗತೈತಿ. ಮೊದಲಿನಷ್ಟಲ್ಲ." ಎಡಗೈ ಮುಂದೆ ಚಾಚಿದ. "ಹಿಡಿ. ಗೇಟಿನ ತನಕ ಹೋಗಿ ಬರೂಣು."

ಅವಳು ಚೀಲ ಕೆಳಗಿಟ್ಟು ಕೈ ಹಿಡಿದಳು. ಇಬ್ಬರೂ ಗೇಟಿನ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದರು.